ಕೋನ ಅಳೆದರೆ ಸಾಲದು: ಗಾಜಿನ ಚಪ್ಪಡಿಯಲ್ಲಿ ಬೆಳಕು ಬಾಗುವ ಲೆಕ್ಕ

ವಿಜ್ಞಾನ ಶಿಕ್ಷಕ ಮಿತ್ರರಿಗೂ ಹತ್ತನೇ ತರಗತಿಯ ಮಕ್ಕಳಿಗೂ ನಮಸ್ಕಾರ.

ಮೇಜಿನ ಮೇಲೆ ಡ್ರಾಯಿಂಗ್ ಬೋರ್ಡು, ಬಿಳಿ ಹಾಳೆ, ಗಾಜಿನ ಚಪ್ಪಡಿ, ನಾಲ್ಕು ಗುಂಡುಸೂಜಿ ಇವೆ. ಬೆಳಕಿನ ವಕ್ರೀಭವನ, ಅಂದರೆ ಗಾಳಿಯಿಂದ ಗಾಜಿಗೆ ಓರೆಯಾಗಿ ಹೊಕ್ಕಾಗ ಬೆಳಕು ಬಾಗುವುದನ್ನು ಅಳೆಯಲು ಇಷ್ಟು ಸಾಕು. ಕಷ್ಟ ಇರುವುದು ಅಳೆದ ಮೇಲೆ: ಕಿರಣ ಗಾಜಿಗೆ ಬೀಳುವ ಕೋನಕ್ಕೂ (ಪತನ ಕೋನ) ಗಾಜಿನೊಳಗೆ ಸಾಗುವ ಕೋನಕ್ಕೂ ಇರುವ ನಂಟು ಯಾವುದು? ಶತಮಾನಗಳ ಕಾಲ ದೊಡ್ಡ ದೊಡ್ಡವರೇ ಇಲ್ಲಿ ಎಡವಿದ್ದಾರೆ.

ಮೊದಲು ಬೆಳಕು ಯಾಕೆ ಬಾಗುತ್ತದೆ ಎಂಬುದನ್ನು ನೋಡೋಣ. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ನೀರಿನೊಳಗೆ ಅದು ಸುಮಾರು 2.25 ಲಕ್ಷಕ್ಕೆ, ಸಾಮಾನ್ಯ ಗಾಜಿನೊಳಗೆ ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ. ಈ ವೇಗಗಳ ಅನುಪಾತವೇ ವಕ್ರೀಭವನ ಸೂಚ್ಯಂಕ: ನೀರಿಗೆ 1.33, ಗಾಜಿಗೆ 1.5ರ ಆಸುಪಾಸು, ವಜ್ರಕ್ಕೆ 2.42. ಆಟಿಕೆ ಕಾರಿನ ಅಚ್ಚು ಮತ್ತು ಎರಡು ಚಕ್ರಗಳನ್ನು ಬಿಚ್ಚಿಕೊಂಡು, ನುಣುಪಾದ ನೆಲದಿಂದ ಜಮಖಾನೆಯ ಮೇಲಕ್ಕೆ ಓರೆಯಾಗಿ ಉರುಳಿಸಿ. ಮೊದಲು ಜಮಖಾನೆ ಮುಟ್ಟಿದ ಚಕ್ರ ನಿಧಾನವಾಗುತ್ತದೆ, ಇನ್ನೊಂದು ಅದೇ ವೇಗದಲ್ಲಿ ಮುಂದೆ ಹೋಗುತ್ತದೆ, ಅಚ್ಚು ತಿರುಗುತ್ತದೆ. ನೇರವಾಗಿ ಉರುಳಿಸಿದರೆ ಎರಡೂ ಚಕ್ರ ಒಟ್ಟಿಗೆ ನಿಧಾನವಾಗುತ್ತವೆ, ತಿರುವು ಇರುವುದಿಲ್ಲ. ಬೆಳಕಿನ ಅಲೆಯ ಮುಂಚೂಣಿಗೂ ಆಗುವುದು ಇದೇ.

‘ಸಾಂದ್ರ ಮಾಧ್ಯಮ’ ಎಂಬ ಮಾತು ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಕೊಬ್ಬರಿ ಎಣ್ಣೆ ನೀರಿನ ಮೇಲೆ ತೇಲುತ್ತದೆ, ಅಂದರೆ ನೀರಿಗಿಂತ ಹಗುರ. ಆದರೂ ಅದರ ಸೂಚ್ಯಂಕ ಸುಮಾರು 1.45, ಬೆಳಕನ್ನು ನೀರಿಗಿಂತ ಹೆಚ್ಚು ಬಾಗಿಸುತ್ತದೆ. ಇಲ್ಲಿ ಸಾಂದ್ರತೆ ಎಂದರೆ ತೂಕದ ಮಾತಲ್ಲ, ಬೆಳಕನ್ನು ಎಷ್ಟು ನಿಧಾನ ಮಾಡುತ್ತದೆ ಎಂಬ ಮಾತು.

ಈಗ ಪ್ರಯೋಗ. ಹಾಳೆಯ ನಡುವೆ ಚಪ್ಪಡಿ ಇಟ್ಟು, ಚೂಪಾದ ಪೆನ್ಸಿಲಿನಿಂದ ಅಂಚಿಗೆ ಒತ್ತಿ ಗೆರೆ ಎಳೆಯಿರಿ. ಚಪ್ಪಡಿ ಎತ್ತಿ, ಉದ್ದದ ಬದಿಯ ಒಂದು ಬಿಂದುವಿನಲ್ಲಿ ಲಂಬ ಹಾಕಿ, ಲಂಬಕ್ಕೆ 45 ಡಿಗ್ರಿಯಲ್ಲಿ ಪತನ ಕಿರಣ ಎಳೆಯಿರಿ. ಚಪ್ಪಡಿಯನ್ನು ಮತ್ತೆ ಗೆರೆಯೊಳಗೆ ಕೂರಿಸಿ, ಪತನ ಕಿರಣದ ಮೇಲೆ ಎರಡು ಸೂಜಿ ನೆಡಿ. ಎದುರು ಬದಿಯಿಂದ ಗಾಜಿನ ಮೂಲಕ ನೋಡುತ್ತಾ, ಆ ಎರಡರ ಬಿಂಬಗಳ ಜೊತೆ ಒಂದೇ ಸಾಲಿನಲ್ಲಿ ಬರುವಂತೆ ಇನ್ನೆರಡು ಸೂಜಿ ನೆಡಿ. ಚಪ್ಪಡಿ ತೆಗೆದು, ಈ ಎರಡು ತೂತು ಸೇರಿಸಿದ ಗೆರೆಯನ್ನು ಗಾಜಿನ ಅಂಚಿನವರೆಗೆ ಎಳೆದರೆ ಅದು ನಿರ್ಗಮನ ಕಿರಣ. ಒಳಹೊಕ್ಕ ಬಿಂದುವಿಗೂ ಹೊರಬಿದ್ದ ಬಿಂದುವಿಗೂ ಗೆರೆ ಎಳೆದರೆ, ಗಾಜಿನೊಳಗೆ ಬೆಳಕು ನಡೆದ ದಾರಿ ಸಿಕ್ಕಿತು.

ತಪ್ಪುಗಳು ಎಲ್ಲಿ ನುಸುಳುತ್ತವೆ? ಮುಖ್ಯವಾಗಿ ಸೂಜಿಗಳಲ್ಲಿ. ಎರಡು ಸೂಜಿಗಳ ನಡುವೆ ಕನಿಷ್ಠ 5 ಸೆಂ.ಮೀ. ಬಿಡಿ. ಒಂದು ಸೂಜಿ ಅರ್ಧ ಮಿ.ಮೀ. ಪಕ್ಕಕ್ಕೆ ಬಿದ್ದರೆ, 5 ಸೆಂ.ಮೀ. ಅಂತರದಲ್ಲಿ ಕೋನ ತಪ್ಪುವುದು ಸುಮಾರು 0.6 ಡಿಗ್ರಿ, ಅಂತರ 2 ಸೆಂ.ಮೀ. ಆಗಿದ್ದರೆ 1.4 ಡಿಗ್ರಿ. ಸೂಜಿಯ ತಲೆ ನೋಡಬೇಡಿ, ಬುಡ ನೋಡಿ. ಸೂಜಿ ಸ್ವಲ್ಪ ವಾಲಿದ್ದರೂ ಬುಡ ಇದ್ದಲ್ಲೇ ಇರುತ್ತದೆ, ತೂತು ಬೀಳುವುದೂ ಅಲ್ಲೇ. ಅದಕ್ಕೆ ಕಣ್ಣು ಬೋರ್ಡಿನ ಮಟ್ಟಕ್ಕೆ ಇಳಿಯಬೇಕು, ಒಂದು ಕಣ್ಣು ಮುಚ್ಚಿರಬೇಕು.

ಮೊಂಡು ಪೆನ್ಸಿಲಿನ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. 5 ಸೆಂ.ಮೀ. ಅಗಲದ ಚಪ್ಪಡಿಯ ಗೆರೆ ಎರಡೂ ಬದಿಯಲ್ಲಿ ಅರ್ಧರ್ಧ ಮಿ.ಮೀ. ಹೊರಗೆ ಬಿದ್ದರೆ, 1.50 ಬರಬೇಕಾದ ಸೂಚ್ಯಂಕ 1.48 ಆಗುತ್ತದೆ. ಹತ್ತು ಸಲ ಮಾಡಿ ಸರಾಸರಿ ತೆಗೆದರೂ ಇದು ಹೋಗುವುದಿಲ್ಲ, ಯಾಕೆಂದರೆ ಹತ್ತು ಸಲವೂ ಒಂದೇ ದಿಕ್ಕಿಗೆ ತಪ್ಪುತ್ತದೆ.

ಚಪ್ಪಡಿ ನಡುವೆ ಜರುಗಿದೆಯೇ ಎಂದು ತಿಳಿಯಲು ಸುಲಭ ದಾರಿ ಇದೆ. ಎದುರುಬದುರು ಮುಖಗಳು ಸಮಾಂತರವಾದ್ದರಿಂದ ನಿರ್ಗಮನ ಕಿರಣ ಪತನ ಕಿರಣಕ್ಕೆ ಸಮಾಂತರವಾಗಿರಲೇಬೇಕು, ಪಕ್ಕಕ್ಕೆ ಸರಿದಿರುತ್ತದೆ ಅಷ್ಟೆ. ಇದೇ ಚಪ್ಪಡಿಯಲ್ಲಿ 45 ಡಿಗ್ರಿಗೆ ಆ ಸರಿತ ಸುಮಾರು 1.6 ಸೆಂ.ಮೀ. ಒಳಬರುವ ಕಿರಣದ ಕೋನಕ್ಕೂ ಹೊರಬೀಳುವ ಕಿರಣದ ಕೋನಕ್ಕೂ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಹಾಳೆ ಬದಿಗಿಟ್ಟು ಹೊಸ ಹಾಳೆ ತೆಗೆದುಕೊಳ್ಳಿ. ಅಂಕಿಯನ್ನು ಮಾತ್ರ ತಿದ್ದಬೇಡಿ.

ಹೀಗೆ ಹೇಳಲು ಕಾರಣವಿದೆ. ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಖಗೋಳಜ್ಞ ಟಾಲೆಮಿ ಗಾಳಿಯಿಂದ ನೀರಿಗೆ ಹೋಗುವ ಬೆಳಕಿನ ಕೋನಗಳ ಪಟ್ಟಿ ಕೊಟ್ಟ. ಪತನ ಕೋನ 10ರಿಂದ 80 ಡಿಗ್ರಿವರೆಗೆ ಹತ್ತತ್ತಾಗಿ ಏರಿದಾಗ ನೀರಿನೊಳಗಿನ ಕೋನಗಳು 8, 15.5, 22.5, 29, 35, 40.5, 45.5, 50. ಒಂದರಿಂದ ಒಂದನ್ನು ಕಳೆದು ನೋಡಿ: 7.5, 7, 6.5, 6, 5.5, 5, 4.5. ಪ್ರತಿ ಸಲವೂ ಅರ್ಧ ಡಿಗ್ರಿ ಕಡಿಮೆ! ಕೈಯಿಂದ ಅಳೆದ ಅಂಕಿಗಳು ಇಷ್ಟು ಶಿಸ್ತಾಗಿ ಸಾಲು ನಿಲ್ಲುವುದಿಲ್ಲ. ತಾನು ನಂಬಿದ ನಿಯಮಕ್ಕೆ ಅಂಕಿಗಳನ್ನು ಹೊಂದಿಸಿರಬೇಕು. 60 ಡಿಗ್ರಿಯಲ್ಲಿ ಅವನ 40.5 ಸರಿಯಾಗಿಯೇ ಇದೆ. 80ರಲ್ಲಿ ಮಾತ್ರ 50ರ ಬದಲು 47.6 ಬರಬೇಕಿತ್ತು.

ಸರಿಯಾದ ನಂಟು ಇರುವುದು ಕೋನಗಳಲ್ಲಲ್ಲ, ಅವುಗಳ ಸೈನ್‌ಗಳಲ್ಲಿ: ಪತನ ಕೋನದ ಸೈನನ್ನು ಒಳಗಿನ ಕೋನದ ಸೈನಿನಿಂದ ಭಾಗಿಸಿದರೆ ಯಾವ ಕೋನಕ್ಕೂ ಒಂದೇ ಸಂಖ್ಯೆ ಬರುತ್ತದೆ, ಅದೇ ಸೂಚ್ಯಂಕ. ಬಾಗ್ದಾದಿನ ಗಣಿತಜ್ಞ ಇಬ್ನ್ ಸಹ್ಲ್ ಸುಮಾರು 984ರಲ್ಲೇ ಇದನ್ನು ಬಳಸಿದ್ದ. ನೆದರ್‌ಲ್ಯಾಂಡ್ಸ್‌ನ ಲೈಡನ್ನಿನ ಗಣಿತಜ್ಞ ಸ್ನೆಲ್ 1621ರಲ್ಲಿ ಕಂಡುಕೊಂಡ, ಪ್ರಕಟಿಸಲಿಲ್ಲ. ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ. ಸೈನ್ ಎಂಬ ಪದ ನಮಗೆ ದೂರದ್ದಲ್ಲ. ಆರ್ಯಭಟ ಕೋಷ್ಟಕ ಕೊಟ್ಟ ‘ಜ್ಯಾ’, ಅಂದರೆ ಬಿಲ್ಲಿನ ಹೆದೆ, ಅರಬ್ಬಿ ಮತ್ತು ಲ್ಯಾಟಿನ್ ದಾಟಿ ಸೈನ್ ಆಗಿ ಮರಳಿ ಬಂದಿದೆ.

ತ್ರಿಕೋನಮಿತಿ ಇನ್ನೂ ಕಲಿಯದ ಮಕ್ಕಳೂ ಇದನ್ನು ಕೈವಾರದಿಂದಲೇ ಅಳೆಯಬಹುದು. ಬೆಳಕು ಒಳಹೊಕ್ಕ ಬಿಂದುವಿನಲ್ಲಿ ಮುಳ್ಳೂರಿ 10 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಗಾಜಿನೊಳಗಿನ ಗೆರೆಯನ್ನೂ ವೃತ್ತದವರೆಗೆ ಬೆಳೆಸಿ. ಎರಡೂ ಗೆರೆ ವೃತ್ತ ಮುಟ್ಟಿದ ಜಾಗದಿಂದ ಲಂಬಕ್ಕೆ ಇರುವ ದೂರ ಅಳೆಯಿರಿ. ಈ ದೂರವನ್ನು ತ್ರಿಜ್ಯದಿಂದ ಭಾಗಿಸಿದರೆ ಸಿಗುವುದೇ ಆ ಕೋನದ ಸೈನ್; ತ್ರಿಜ್ಯ ಎರಡಕ್ಕೂ ಒಂದೇ ಆದ್ದರಿಂದ ದೂರಗಳನ್ನೇ ಭಾಗಿಸಿದರೆ ಸಾಕು. 45 ಡಿಗ್ರಿಗೆ 7.07 ಸೆಂ.ಮೀ. ಮತ್ತು 4.71 ಸೆಂ.ಮೀ. ಬಂದರೆ ಭಾಗಲಬ್ಧ 1.50. ಕೋನಮಾಪಕ ಬೇಕಾಗಿಲ್ಲ, ಅದರ ತಪ್ಪೂ ಸೇರುವುದಿಲ್ಲ.

ಕೋನಗಳನ್ನೇ ಭಾಗಿಸಿದರೆ? 10 ಡಿಗ್ರಿಯಲ್ಲಿ 1.50 ಬಂದು ಎಲ್ಲ ಸರಿಯಿದೆ ಎನಿಸುತ್ತದೆ. 60ಕ್ಕೆ ಹೋದರೆ ಅದೇ ಗಾಜಿಗೆ 1.70 ಬರುತ್ತದೆ. ಸಣ್ಣ ಕೋನಗಳಿಗೆ ಇನ್ನೊಂದು ದೋಷವೂ ಇದೆ. ಗಾಜಿನೊಳಗಿನ ಕೋನವನ್ನು ಒಂದು ಡಿಗ್ರಿ ಹೆಚ್ಚು ಓದಿದರೆ, 10 ಡಿಗ್ರಿಯಲ್ಲಿ ಸೂಚ್ಯಂಕ 1.30ಕ್ಕೆ ಕುಸಿಯುತ್ತದೆ, 60ರಲ್ಲಿ 1.46ಕ್ಕೆ ನಿಲ್ಲುತ್ತದೆ. ಹಾಗಾಗಿ 30ರಿಂದ 60ರ ನಡುವೆ ಐದಾರು ಕೋನ ತೆಗೆದುಕೊಳ್ಳಿ.

ಸೈನ್ ನಿಯಮ ಸಿಕ್ಕ ಮೇಲೂ ಬಹಳ ಕಾಲ ಬಗೆಹರಿಯದ ಪ್ರಶ್ನೆ ಒಂದಿತ್ತು. ನೀರಿನಲ್ಲಿ ಬೆಳಕು ಜೋರಾಗಿ ಹೋಗುತ್ತದೆ ಎಂದು ನ್ಯೂಟನ್ನನ ಕಣ ಸಿದ್ಧಾಂತ, ನಿಧಾನವಾಗುತ್ತದೆ ಎಂದು ಅಲೆ ಸಿದ್ಧಾಂತ. 1850ರಲ್ಲಿ ಫ್ರಾನ್ಸಿನ ಫೂಕೋ ತಿರುಗುವ ಕನ್ನಡಿಯಿಂದ ಪರೀಕ್ಷಿಸಿ, ನಿಧಾನವೇ ಎಂದು ತೋರಿಸಿದ.

ಟಾಲೆಮಿಯ ಪಟ್ಟಿಯನ್ನು ನೀವೇ ಪರೀಕ್ಷಿಸಬಹುದು. ಅರ್ಧವೃತ್ತಾಕಾರದ ತೆಳು ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ. ಚಪ್ಪಟೆ ಮುಖದ ನಡುಬಿಂದುವಿಗೆ ತಾಗಿ ಒಂದು ಸೂಜಿ, 80 ಡಿಗ್ರಿ ಗೆರೆಯ ಮೇಲೆ ಹೊರಗೆ ಇನ್ನೊಂದು ನೆಡಿ. ದುಂಡು ಬದಿಯಿಂದ ನೋಡಿ ಎರಡೂ ಒಂದಾಗುವಲ್ಲಿ ಮೂರನೆಯದನ್ನು ನೆಡಿ. ನಡುವಿನಿಂದ ಹೊರಟ ಕಿರಣ ದುಂಡು ಮುಖವನ್ನು ನೇರವಾಗಿ ದಾಟುವುದರಿಂದ ಅಲ್ಲಿ ಮತ್ತೆ ಬಾಗುವುದಿಲ್ಲ. ನಡುಬಿಂದುವಿನಿಂದ 10 ಸೆಂ.ಮೀ. ದೂರದಲ್ಲಿ ಟಾಲೆಮಿಯ 50ಕ್ಕೂ ನಿಯಮದ 47.6ಕ್ಕೂ ಇರುವ ಅಂತರ ಸುಮಾರು 4 ಮಿ.ಮೀ. ನಿಮ್ಮ ಸೂಜಿ ಯಾವ ಕಡೆ ಬಿತ್ತು ಎಂಬುದು ಕಣ್ಣಿಗೇ ಕಾಣುತ್ತದೆ.