ಮೇಲೊಂದು ನಳಿಗೆ, ಕೆಳಗೊಂದು ನಳಿಗೆ

ಕೇಳುಗರಿಗೆ ನಮಸ್ಕಾರ.

ಕೊಡಗಿನ ನಮ್ಮ ಮನೆಯಲ್ಲಿದ್ದದ್ದು ಜೋಡುನಳಿಗೆ ಕೋವಿ. ಎರಡೂ ನಳಿಗೆ ಪಕ್ಕಪಕ್ಕದಲ್ಲಿ. ಸೆಪ್ಟೆಂಬರಿನಲ್ಲಿ ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂತೆಂದರೆ ಅದಕ್ಕೆ ಎಣ್ಣೆ ಒರೆಸಿ, ನಳಿಗೆಯ ತುದಿಗೆ ತೋಕ್‌ಪೂ ಎಂಬ ಕಾಡುಹೂ ಸಿಕ್ಕಿಸಿ ಪೂಜೆಗಿಡುತ್ತಿದ್ದರು. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ನಾನು ಗುರಿ ಹಿಡಿಯಲು ಕಲಿತದ್ದು ಅಲ್ಲಿ.

ಇಂಗ್ಲೆಂಡಿಗೆ ಬಂದು ಕ್ಲೇ ಶೂಟಿಂಗ್ ಕ್ಲಬ್ಬಿನ ಹುಲ್ಲಿನ ಮೇಲೆ ನಿಂತ ಮೊದಲ ದಿನ ಆ ಕಲಿಕೆ ಏನೂ ಉಪಯೋಗಕ್ಕೆ ಬರಲಿಲ್ಲ. ತೆಂಗಿನಕಾಯಿ ಕಟ್ಟಿದಲ್ಲೇ ಇರುತ್ತದೆ. ಇಲ್ಲಿ ಯಂತ್ರ ಚಿಮ್ಮಿಸುವ ಬಿಲ್ಲೆ, ಸುಣ್ಣಕಲ್ಲಿನ ಪುಡಿಗೆ ಪಿಚ್ ಎಂಬ ಡಾಂಬರಿನಂಥ ಅಂಟು ಬೆರೆಸಿ ಅಚ್ಚು ಹಾಕಿದ್ದು, ಸುಮಾರು 11 ಸೆಂಟಿಮೀಟರ್ ಅಗಲ, ನೋಡುನೋಡುತ್ತಲೇ ಬೇಲಿ ದಾಟಿರುತ್ತದೆ. ಸುತ್ತ ನಿಂತವರಲ್ಲಿ ಬಹುಪಾಲು ಜನರ ಕೈಯಲ್ಲಿದ್ದ ಕೋವಿಗಳಲ್ಲಿ ನಳಿಗೆಗಳು ಒಂದರ ಮೇಲೊಂದು ಕೂತಿದ್ದವು. ಇಲ್ಲಿ ಅದಕ್ಕೆ ಓವರ್ ಅಂಡ್ ಅಂಡರ್ ಎನ್ನುತ್ತಾರೆ. ಈಚೆಗೆ ಇಲ್ಲಿನ ನಮ್ಮ ಕನ್ನಡದ ಹುಡುಗ ಹುಡುಗಿಯರು ಈ ಆಟಕ್ಕೆ ಬರುತ್ತಿದ್ದಾರೆ, ನನಗೆ ಬಹಳ ಸಂತೋಷ. ಅವರೆಲ್ಲ ಕೇಳುವ ಪ್ರಶ್ನೆ ಒಂದೇ: ಕಡಿಮೆ ದುಡ್ಡಿನಲ್ಲಿ ಯಾವುದನ್ನು ಕೊಳ್ಳಲಿ, ಅಂಕಲ್?

ಕೊಳ್ಳುವ ಮಾತಿಗೆ ಮೊದಲು, ಹಾರುವ ಗುರಿಗೆ ಈ ಜೋಡಣೆ ಏಕೆ ಒಗ್ಗುತ್ತದೆ ಎಂದು ಹೇಳಿಬಿಡುತ್ತೇನೆ. ಪಕ್ಕಪಕ್ಕದ ನಳಿಗೆಯಾದರೆ ಕಣ್ಣಿನ ಮುಂದೆ ಅಗಲದ ಲೋಹ. ಮೇಲೆ ಕೆಳಗಿನದಾದರೆ ಒಂದು ಕಿರಿದಾದ ಪಟ್ಟಿ, ಅದರಾಚೆ ಬಿಲ್ಲೆ, ಅಷ್ಟೆ. ಕೆಳಗಿನ ನಳಿಗೆಯನ್ನು ಮೊದಲು ಹಾರಿಸಿದರೆ ಒದೆ ಹೆಚ್ಚು ಕಡಿಮೆ ನೇರ ಭುಜಕ್ಕೇ ಬರುತ್ತದೆ, ನಳಿಗೆಯ ಬಾಯಿ ಅಷ್ಟಾಗಿ ಮೇಲೆ ಜಿಗಿಯುವುದಿಲ್ಲ, ಎರಡನೆಯ ಬಿಲ್ಲೆಗೆ ಬೇಗ ತಿರುಗಬಹುದು. ಲಂಡನ್ನಿನ ಬಾಸ್ ಸಂಸ್ಥೆ 1909ರಲ್ಲಿ ಇಂಥ ಕೋವಿ ಮಾಡಿತು, ಆದರೆ ಅದು ಶ್ರೀಮಂತರ ಸೊತ್ತು. ಅಮೆರಿಕದ ಜಾನ್ ಬ್ರೌನಿಂಗ್ ಕಾರ್ಖಾನೆಯಲ್ಲಿ ಮಾಡಬಹುದಾದ ಒಂದು ವಿನ್ಯಾಸಕ್ಕೆ ಕೈಹಾಕಿದ. 1926ರಲ್ಲಿ ಬೆಲ್ಜಿಯಂನ ಕಾರ್ಖಾನೆಯಲ್ಲೇ ಅವನ ಪ್ರಾಣ ಹೋಯಿತು. ಮಗ ವ್ಯಾಲ್ ಕೆಲಸ ಮುಂದುವರಿಸಿದ, 1931ರಲ್ಲಿ ಕೋವಿ ಮಾರುಕಟ್ಟೆಗೆ ಬಂತು. ನಮ್ಮಂಥವರ ಕೈಗೆ ಈ ಕೋವಿ ಎಟುಕುವ ದಾರಿ ತೆರೆದದ್ದು ಅಲ್ಲಿಂದ ಎಂದು ನಾನು ತಿಳಿದಿದ್ದೇನೆ.

ಈಗ ಬೆಲೆಯ ವಿಚಾರ. ನನ್ನ ಮಾತು ನೇರವಾಗಿದೆ: ಅಗ್ಗದ ಹೊಸದಕ್ಕಿಂತ ಒಳ್ಳೆಯ ಹಳೆಯದು ಮೇಲು. ನಾನು ಮೊದಲು ಕೊಂಡದ್ದು ಹೊಸದು, ಹಗುರ, ಬದಿಯಲ್ಲಿ ಬಾತುಕೋಳಿಯ ಕೆತ್ತನೆ ಇದ್ದದ್ದು. ಒಂದು ಋತು ಮುಗಿಯುವುದರೊಳಗೆ ಎರಡನೆಯ ನಳಿಗೆ ಮನಸ್ಸಾದಾಗ ಮಾತ್ರ ಹಾರತೊಡಗಿತು. ಹಗುರವಾದದ್ದರಿಂದ ಒದೆ ಬೇರೆ, ಭಾನುವಾರ ರಾತ್ರಿ ತೋಳು ಎತ್ತಲಾಗುತ್ತಿರಲಿಲ್ಲ. ದಿನಕ್ಕೆ ನೂರು ತೋಟೆ ಹಾರಿಸುವ ಆಟಕ್ಕೆ ಮೂರೂವರೆ ಕಿಲೋ ಆಸುಪಾಸಿನ ತೂಕ ಬೇಕು. ಹೊರುವಾಗ ಭಾರ ಅನ್ನಿಸಿದರೂ ಹಾರಿಸುವಾಗ ಆ ತೂಕವೇ ಭುಜವನ್ನು ಕಾಯುತ್ತದೆ.

ಅದನ್ನು ಕೊಟ್ಟು ತಂದದ್ದು ಇಪ್ಪತ್ತು ವರ್ಷ ಹಳೆಯ ಮಿರೋಕು. ಜಪಾನಿನ ಕೋಚಿ ಪ್ರಾಂತ್ಯದ ಕಂಪನಿ ಅದು, ಬ್ರೌನಿಂಗ್ ಹೆಸರಿನ ಸಿಟೋರಿ ಕೋವಿಗಳೂ ಅಲ್ಲೇ ತಯಾರಾಗುತ್ತವೆ. ಇಟಲಿಯ ಬೆರೆಟ್ಟಾ 686 ಸಹ ಇದೇ ಸಾಲಿನದು, ಹೊಸದಕ್ಕೆ ಎರಡು ಸಾವಿರ ಪೌಂಡ್ ದಾಟುತ್ತದೆ, ಬಳಸಿದ್ದು ಅದರ ಅರ್ಧದ ಆಸುಪಾಸಿಗೆ ಸಿಕ್ಕೀತು. ಅಷ್ಟೂ ಇಲ್ಲದವರು ಸ್ಪೇನಿನ ಹಳೆಯ ಲ್ಯಾನ್ಬರ್ ನೋಡಬಹುದು. ರಷ್ಯಾದ ಬೈಕಲ್‌ಗೆ ನಯನಾಜೂಕು ಇಲ್ಲ, ಆದರೆ ಗಟ್ಟಿ. ಟರ್ಕಿಯ ಹುಗ್ಲು ಊರಿನ ಕುಶಲಕರ್ಮಿಗಳ ಕೆಲಸ ಚೆನ್ನಾಗಿರುತ್ತದೆ. ಟರ್ಕಿಯ ಕೋವಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಮಾತ್ರ ಸರಿಯಲ್ಲ, ಒಂದೊಂದನ್ನೂ ಬಿಚ್ಚಿ ನೋಡಬೇಕು.

ಬಿಚ್ಚಿ ನೋಡುವುದು ಹೇಗೆ? ಮೊದಲು ಅಂಗಡಿಯವರ ಒಪ್ಪಿಗೆ ಕೇಳಿ, ಕೋವಿಯನ್ನು ಕೀಲಿನಲ್ಲಿ ಮಡಚಿ ತೆರೆದು ಎರಡೂ ನಳಿಗೆ ಖಾಲಿ ಎಂದು ನೀವೇ ಕಣ್ಣಾರೆ ಕಾಣಿ. ಮುಂಗೈ ಹಿಡಿಯುವ ಮರ ತೆಗೆದು ಕೋವಿ ಮುಚ್ಚಿ, ಮೆಲ್ಲಗೆ ಅಲುಗಿಸಿ. ಕಟಕಟ ಸದ್ದಾಗಲಿ, ಕೀಲಿನಲ್ಲಿ ಸಡಿಲ ಗೊತ್ತಾಗಲಿ, ಕೆಳಗಿಟ್ಟುಬಿಡಿ. ಕೋವಿ ತೆರೆಯಲು ಹೆಬ್ಬೆರಳಿನಿಂದ ತಳ್ಳುವ ಮೇಲಿನ ಸನ್ನೆಯನ್ನು ಗಮನಿಸಿ. ಹೊಸ ಕೋವಿಯಲ್ಲಿ ಅದು ನಡುಗೆರೆಯಿಂದ ತುಸು ಬಲಕ್ಕೇ ನಿಂತಿರುತ್ತದೆ, ಸವೆದಂತೆ ಎಡಕ್ಕೆ ಸರಿಯುತ್ತದೆ. ನಳಿಗೆಗಳನ್ನು ಬೇರ್ಪಡಿಸಿ ಕೊಕ್ಕೆಯಿಂದ ತೂಗುಹಾಕಿ, ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ನಾದ ಬಂದರೆ ಬೆಸುಗೆ ಭದ್ರ, ಮಡಕೆ ಒಡೆದಂತೆ ಕೇಳಿದರೆ ಪಟ್ಟಿ ಎಲ್ಲೋ ಬಿಟ್ಟಿದೆ. ಬೆಳಕಿಗೆ ಹಿಡಿದು ಒಳಗೆ ನೋಡಿದಾಗ ಉಂಗುರದಂಥ ನೆರಳು ಕಂಡರೆ ನಳಿಗೆ ಅಲ್ಲಿ ಉಬ್ಬಿದೆ ಎಂದರ್ಥ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಕೆಲಸ ಬಾರದವರು ಯಾರೋ ಕೈಯಾಡಿಸಿದ್ದಾರೆ.

ಟ್ರಿಗರನ್ನು ಮದ್ದಿಲ್ಲದ ಡಮ್ಮಿ ತೋಟೆ ಹಾಕಿಯೇ ಪರೀಕ್ಷಿಸಿ. ಕೆಲವು ಕೋವಿಗಳಲ್ಲಿ ಮೊದಲ ಗುಂಡಿನ ಒದೆಯೇ ಎರಡನೆಯ ನಳಿಗೆಗೆ ಟ್ರಿಗರನ್ನು ಹೊಂದಿಸಿ ಕೊಡಬೇಕು. ಅಂಥವುಗಳಲ್ಲಿ ಹಿಂಬದಿಯ ಮರಕ್ಕೆ ಅಂಗೈಯಿಂದ ಗುದ್ದದೆ ಎರಡನೆಯದು ಬೀಳುವುದಿಲ್ಲ, ಅದು ದೋಷವಲ್ಲ.

ಬ್ರಿಟನ್ನಿನಲ್ಲಿ ಇನ್ನೊಂದು ಅನುಕೂಲ. ಇಲ್ಲಿ ಮಾರುವ ಕೋವಿಯ ನಳಿಗೆಯ ಮೇಲೆ ಒತ್ತಡ ಪರೀಕ್ಷೆ ಪಾಸಾದ ಮುದ್ರೆ ಇರಲೇಬೇಕು. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರಿಂದ ಈ ಕೆಲಸ ಮಾಡುತ್ತಿದೆ. ಸೀಸ ಬಿಟ್ಟು ಉಕ್ಕಿನ ಚರೆ ಹಾರಿಸುವ ಯೋಚನೆಯಿದ್ದರೆ, ನಳಿಗೆ ಮತ್ತು ಅದರ ಬಾಯಿಯನ್ನು ತುಸು ಕಿರಿದಾಗಿಸುವ ಚೋಕ್ ಅದಕ್ಕೆ ತಡೆಯುತ್ತವೆಯೇ ಎಂದು ಮುದ್ರೆ ಓದಬಲ್ಲವರಿಂದ ಖಚಿತ ಮಾಡಿಕೊಳ್ಳಿ. ಚೋಕ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಪೂರ್ತಿ ಚೋಕ್ ಎಂದರೂ ನಳಿಗೆಯ ಬಾಯಿ ಕಿರಿದಾಗುವುದು ಸುಮಾರು ಒಂದು ಮಿಲಿಮೀಟರ್. ಹೊಸಬರಿಗೆ ಒಂದು ನಳಿಗೆಗೆ ಕಾಲು ಚೋಕ್, ಇನ್ನೊಂದಕ್ಕೆ ಅರ್ಧ ಚೋಕ್ ಸಾಕು.

ಇಷ್ಟೆಲ್ಲ ಸರಿಯಿದ್ದೂ ಕೋವಿ ನಿಮ್ಮ ಮೈಗೆ ಕೂರದಿದ್ದರೆ ಪ್ರಯೋಜನವಿಲ್ಲ. ಇದನ್ನು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಚರೆಕೋವಿಯಲ್ಲಿ ಹಿಂದಿನ ಗುರಿಕಿಂಡಿ ಇಲ್ಲ, ಆ ಜಾಗದಲ್ಲಿ ನಿಮ್ಮ ಕಣ್ಣೇ ಇರುವುದು. ಕಣ್ಣು ಮುಚ್ಚಿ ಖಾಲಿ ಕೋವಿಯನ್ನು ಭುಜಕ್ಕೇರಿಸಿ, ಕೆನ್ನೆ ಮರಕ್ಕೆ ತಾಗಿಸಿ ಕಣ್ಣು ತೆರೆಯಿರಿ. ಪಟ್ಟಿ ನೇರ ಮುಂದಿದ್ದರೆ ಸರಿ. ಕತ್ತು ತಿರುಚಿ ಹುಡುಕಬೇಕಾದರೆ ಅದು ಬೇರೆಯವರ ಕೋವಿ. ಅಂಗಡಿಯ ಕೋವಿಗಳ ಹಿಂಬದಿಯ ಮರದ ಅಳತೆ ಇಲ್ಲಿನ ಎತ್ತರದ ಗಂಡಸರಿಗೆ ಹೊಂದುವಂಥದ್ದು. ನನ್ನ ಹೆಂಡತಿಗೆ ಅದು ಎರಡು ಬೆರಳು ಉದ್ದವಾಯಿತು. ಕೋವಿ ರಿಪೇರಿಯವರು ಕೊಯ್ದು ಸರಿಮಾಡಿದರು. ಅದೇ ಕೋವಿಯಲ್ಲಿ ಅವಳು ಆ ತಿಂಗಳೇ ನನ್ನನ್ನು ಹಿಂದೆ ಹಾಕಿದಳು. ಕೆತ್ತನೆಗೆ ಕೊಡುವ ದುಡ್ಡನ್ನು ಹೀಗೆ ಅಳತೆ ಹೊಂದಿಸಲು, ಉಳಿದದ್ದನ್ನು 28 ಗ್ರಾಂ ತೋಟೆಗಳಿಗೆ ಹಾಕಿ.

ಕ್ಲಬ್ಬಿನವರ ಕೋವಿಗಳನ್ನು ಎರಡು ಮೂರು ತಿಂಗಳು ಹಾರಿಸಿ ನೋಡಿದ ಮೇಲೆಯೇ ಖರೀದಿಗೆ ಹೊರಡಿ. ಪೊಲೀಸರಿಂದ ಷಾಟ್‌ಗನ್ ಸರ್ಟಿಫಿಕೇಟ್ ಬರಲು ಹೇಗೂ ಕಾಯಬೇಕು, ವೈದ್ಯರ ಮಾಹಿತಿಯೂ ಕೇಳುತ್ತಾರೆ. ಅಷ್ಟರಲ್ಲಿ ಗೋಡೆಗೆ ಬಿಗಿದ ಉಕ್ಕಿನ ಕಪಾಟು ಸಿದ್ಧವಿರಲಿ, ಬೀಗದ ಕೈ ಇರುವ ಜಾಗ ನಿಮ್ಮೊಬ್ಬರಿಗೇ ಗೊತ್ತಿರಲಿ. ಕೊಂಡ ಮೇಲೆ ಏಳು ದಿನದೊಳಗೆ ಪೊಲೀಸರಿಗೆ ತಿಳಿಸಬೇಕು. ಅಂಗಡಿ ಬಿಡುವ ಮುನ್ನ ಚೋಕ್ ತಿರುಗಿಸುವ ಕೀಲಿಯನ್ನು ಕೇಳಿ ಪಡೆಯಿರಿ. ಹಳೆಯ ಕೋವಿಗಳ ಪೆಟ್ಟಿಗೆಯಲ್ಲಿ ಎಷ್ಟೋ ಸಲ ಕಾಣೆಯಾಗಿರುವುದು ಅದೇ.

ನಮಸ್ಕಾರ.