ಹಳೇ ಕಾರಿನ ರಿಮೋಟ್ ಕೆಲಸ ಮಾಡ್ತಿಲ್ವಾ? ಹೊಸದು ಕೊಳ್ಳೋ ಮುಂಚೆ ಇದನ್ನ ನೋಡಿ

[ದೃಶ್ಯ: ತುಮಕೂರು, ಅಮಾನಿಕೆರೆ ಪಕ್ಕದ ರಸ್ತೆ. ಕೆಎ 06 ನಂಬರಿನ ಹಳೇ ವ್ಯಾಗನ್ ಆರ್. ಬಟನ್ ಒತ್ತಿದರೂ ಇಂಡಿಕೇಟರ್ ಮಿನುಗುವುದಿಲ್ಲ.]

ನಮಸ್ಕಾರ. ನೋಡಿ, ಒತ್ತಿದೆ, ಏನೂ ಇಲ್ಲ. ಬಾಗಿಲ ಹತ್ತಿರ ಹೋಗಿ ಒತ್ತಿದೆ, ಆಗಲೂ ಇಲ್ಲ.

ಇಂಥ ಹೊತ್ತಲ್ಲಿ ನಮ್ಮವರು ಏನು ಮಾಡುತ್ತಾರೆ ಅಂದರೆ, ಶೋರೂಮಿಗೆ ಫೋನ್ ಮಾಡಿ ರಿಮೋಟ್ ರೇಟ್ ಕೇಳುತ್ತಾರೆ, ಕೇಳಿ ಫೋನ್ ಇಡುತ್ತಾರೆ, ಆಮೇಲೆ ವರ್ಷಗಟ್ಟಲೆ ಕೀ ತಿರುಗಿಸಿಕೊಂಡೇ ಓಡಾಡುತ್ತಾರೆ. ಇನ್ನು ಕೆಲವರು ಫೋಟೋ ನೋಡಿ ಆನ್‌ಲೈನಲ್ಲಿ ಒಂದು ರಿಮೋಟ್ ತರಿಸುತ್ತಾರೆ. ಅದು ನೋಡೋಕೆ ಅಚ್ಚು ಅದೇ ಥರ ಇರುತ್ತದೆ, ಕಾರಿಗೆ ಮಾತ್ರ ಸೇರುವುದಿಲ್ಲ. ಕೆಟ್ಟಿರುವುದು ಯಾವುದು ಅಂತ ಗೊತ್ತಾಗುವ ತನಕ ಒಂದು ರೂಪಾಯಿನೂ ಬಿಚ್ಚಬೇಡಿ. ಅದನ್ನು ಪತ್ತೆ ಮಾಡುವುದು ಕಷ್ಟ ಏನಿಲ್ಲ.

[ದೃಶ್ಯ: ಟೇಬಲ್ ಮೇಲೆ ಬಿಚ್ಚಿದ ಕೀ. ಕಬ್ಬಿಣದ ಭಾಗ, ಹಸಿರು ಬೋರ್ಡ್, ಕಪ್ಪು ಬಣ್ಣದ ಪುಟ್ಟ ಚಿಪ್.]

ಒಂದು ಕೀ ಒಳಗೆ ಮೂರು ಬೇರೆ ಬೇರೆ ಸಾಮಾನು ಇರುತ್ತವೆ. ಕಬ್ಬಿಣದ ಕೀ, ಅದು ಬಾಗಿಲಿಗೂ ಇಗ್ನಿಷನ್‌ಗೂ. ಈ ಹಸಿರು ಬೋರ್ಡೇ ರಿಮೋಟ್, ಬ್ಯಾಟರಿ ಇದಕ್ಕೆ ಮಾತ್ರ. ಮೂರನೆಯದು ಈ ಪುಟ್ಟ ಚಿಪ್, ಇಮೊಬಿಲೈಸರ್ ಚಿಪ್. ಇದಕ್ಕೆ ಬ್ಯಾಟರಿ ಬೇಡ. ಕೀ ಹಾಕಿದಾಗ ಇಗ್ನಿಷನ್ ಸುತ್ತ ಇರುವ ಕಾಯಿಲ್‌ನಿಂದಲೇ ಅದಕ್ಕೆ ಕರೆಂಟ್ ಸಿಗುತ್ತದೆ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಚಿಪ್ ತನ್ನ ಗುರುತು ಹೇಳುತ್ತದೆ, ಸರಿ ಇದ್ದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ. ಮಾರುತಿಯವರು ಐಕ್ಯಾಟ್ಸ್ ಅಂತ ಕರೆಯುತ್ತಾರಲ್ವಾ, ಅದು ಇದೇ.

ಅಂದರೆ ಲಾಕ್ ಬಟನ್ ಕೆಲಸ ಮಾಡದೆ ಕಾರು ಆರಾಮಾಗಿ ಸ್ಟಾರ್ಟ್ ಆಗುತ್ತಿದ್ದರೆ ಚಿಪ್ ಚೆನ್ನಾಗಿದೆ, ಅದರ ತಂಟೆಗೆ ಹೋಗಬೇಡಿ. ಬಟನ್ ಕೆಲಸ ಮಾಡಿ ಕಾರು ಸ್ಟಾರ್ಟ್ ಆಗದೆ ಡ್ಯಾಶ್‌ಬೋರ್ಡಲ್ಲಿ ಕೀ ಗುರುತಿನ ಲೈಟ್ ಮಿನುಗುತ್ತಿದ್ದರೆ, ರಿಮೋಟ್ ಬ್ಯಾಟರಿ ಎಷ್ಟು ಬದಲಾಯಿಸಿದರೂ ಪ್ರಯೋಜನ ಇಲ್ಲ. ಇಷ್ಟು ಗೊತ್ತಿದ್ದರೆ "ಪೂರ್ತಿ ಕೀ ಹೋಗಿದೆ ಸಾರ್, ಹೊಸಾದೇ ಹಾಕಿಸಬೇಕು" ಅಂತ ಯಾರಾದರೂ ಹೇಳಿದಾಗ ಎದುರು ಪ್ರಶ್ನೆ ಕೇಳಬಹುದು.

ಈಗ ಬ್ಯಾಟರಿ. ಎಲ್ಲರೂ ಮೊದಲು ಇದನ್ನೇ ಬದಲಾಯಿಸುತ್ತಾರೆ, ಅದು ಸರಿಯೇ. ಆದರೆ ಅರ್ಧ ಜನ ಸೈಜ್ ತಪ್ಪು ತರುತ್ತಾರೆ. ಸಿಆರ್ 2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025, 2016 ಕೂಡ ಅಷ್ಟೇ ಅಗಲ, ದಪ್ಪ ಮಾತ್ರ 2.5, 1.6. ಮೂರೂ 3 ವೋಲ್ಟೇ. 2032 ಕೂರುವ ಜಾಗಕ್ಕೆ 2016 ಹಾಕಿದರೆ ಕಾಂಟ್ಯಾಕ್ಟ್ ಸರಿಯಾಗಿ ತಾಗುವುದಿಲ್ಲ, ಒಂದು ದಿನ ಕೆಲಸ ಮಾಡುತ್ತದೆ, ಇನ್ನೊಂದು ದಿನ ಮಾಡುವುದಿಲ್ಲ. ದಪ್ಪ ಸಾಲದು ಅಂತ ಎರಡು 2016 ಒಂದರ ಮೇಲೊಂದು ಇಟ್ಟರೆ 6 ವೋಲ್ಟ್ ಆಗುತ್ತದೆ, ಬೋರ್ಡೇ ಸುಟ್ಟು ಹೋಗಬಹುದು. ಹೊರಗಡೆ ಹಾಕಿಸಿದ ಸೆಂಟ್ರಲ್ ಲಾಕ್‌ನ ಹಳೇ ರಿಮೋಟ್ ಆದರೆ ಒಳಗೆ ಬಿಲ್ಲೆ ಬ್ಯಾಟರಿ ಇರದೇ ಇರಬಹುದು. ಬೆರಳ ತುದಿಯಷ್ಟು ಉದ್ದದ 12 ವೋಲ್ಟ್ ಸೆಲ್ ಇರುತ್ತದೆ, ಮೇಲೆ 23ಎ ಅಥವಾ 27ಎ ಅಂತ ಬರೆದಿರುತ್ತದೆ. ಇವೆರಡರದ್ದೂ ಸೈಜ್ ಬೇರೆ. ಹಳೇ ಸೆಲ್ ಜೇಬಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ.

ಮನೇಲಿ ಚಿಕ್ಕ ಮಕ್ಕಳಿದ್ದರೆ ಬಿಲ್ಲೆ ಬ್ಯಾಟರಿ ಬಗ್ಗೆ ಹುಷಾರು. ನುಂಗಿದರೆ ಒಂದೆರಡು ಗಂಟೆಯಲ್ಲೇ ಅನ್ನನಾಳ ಸುಡುತ್ತದೆ. ನುಂಗಿರಬಹುದು ಅನ್ನೋ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಹೊರಡಿ.

[ದೃಶ್ಯ: ಮಲ್ಟಿಮೀಟರ್. ಹಳೇ ಸೆಲ್ 2.6 ವೋಲ್ಟ್, ಹೊಸದು 3.2.]

ಇನ್ನೊಂದು ಮಾತು, ರಿಮೋಟಲ್ಲಿ ಕೆಂಪು ಲೈಟ್ ಬಂತು ಅಂದ ತಕ್ಷಣ ಬ್ಯಾಟರಿ ಸರಿ ಇದೆ ಅಂದುಕೊಳ್ಳಬೇಡಿ. ಲೈಟಿಗೆ ಸ್ವಲ್ಪ ಕರೆಂಟ್ ಸಾಕು, ಸಿಗ್ನಲ್ ದೂರ ಹೋಗಬೇಕಾದರೆ ಜಾಸ್ತಿ ಬೇಕು. ಮತ್ತೆ ಆ ಫೋನ್ ಕ್ಯಾಮರಾ ಟ್ರಿಕ್ ಇದೆಯಲ್ಲ, ರಿಮೋಟ್ ತುದಿಯನ್ನು ಕ್ಯಾಮರಾಗೆ ತೋರಿಸಿ ಬೆಳಕು ಬರುತ್ತಾ ನೋಡುವುದು, ಅದು ಟಿವಿ ರಿಮೋಟಿಗೆ. ಟಿವಿದು ಇನ್‌ಫ್ರಾರೆಡ್. ಕಾರಿನದು ರೇಡಿಯೋ, ನಮ್ಮ ಕಡೆ ಬಹುತೇಕ 433.92 ಮೆಗಾಹರ್ಟ್ಸ್. ಕ್ಯಾಮರಾದಲ್ಲಿ ಏನೂ ಕಾಣಿಸುವುದಿಲ್ಲ, ಕಾಣಿಸಲೂಬಾರದು. ಕೀ ಮಾಡುವವರ ಹತ್ತಿರ ಫ್ರೀಕ್ವೆನ್ಸಿ ಟೆಸ್ಟರ್ ಅಂತ ಒಂದು ಪುಟ್ಟ ಡಬ್ಬ ಇರುತ್ತದೆ. ಅದರ ಮುಂದೆ ಒತ್ತಿದರೆ ರಿಮೋಟ್ ಜೀವಂತ ಇದೆಯಾ ಇಲ್ವಾ ಅಂತ ಅಲ್ಲೇ ಗೊತ್ತಾಗುತ್ತದೆ, ಎಷ್ಟೋ ಜನ ಇದಕ್ಕೆ ದುಡ್ಡೂ ತಗೊಳ್ಳುವುದಿಲ್ಲ.

ಬ್ಯಾಟರಿ ಹೊಸದು, ಆದರೂ ಇಲ್ಲ ಅಂದರೆ ಬಟನ್ ನೋಡಿ. ಅನ್‌ಲಾಕ್ ಕೆಲಸ ಮಾಡುತ್ತದೆ, ಲಾಕ್ ಮಾತ್ರ ಗಟ್ಟಿಯಾಗಿ ಒತ್ತಿದರೆ ಬರುತ್ತದೆ ಅಂತಿದ್ದರೆ ಖಂಡಿತ ಬಟನ್ನೇ. ರಬ್ಬರ್ ಕೆಳಗೆ ಬೋರ್ಡ್ ಮೇಲೆ ಪುಟ್ಟ ಸ್ವಿಚ್ ಇರುತ್ತದೆ, ಒತ್ತಿದಾಗ ಟಿಕ್ ಅನ್ನಬೇಕು. ಬರೀ ಧೂಳು ಎಣ್ಣೆ ಸೇರಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಸ್ವಿಚ್ಚೇ ಸವೆದಿದ್ದರೆ ಮೊಬೈಲ್ ರಿಪೇರಿ ಹುಡುಗನಿಗೆ ಕೊಡಿ. ಅವನು ದಿನಾ ಇದಕ್ಕಿಂತ ಸಣ್ಣದನ್ನು ಸಾಲ್ಡರ್ ಮಾಡುತ್ತಾನೆ, ಟೀ ಕುಡಿದು ಬರುವಷ್ಟರಲ್ಲಿ ಮುಗಿಸುತ್ತಾನೆ. ನನ್ನ ಲೆಕ್ಕದಲ್ಲಿ ಹಳೇ ರಿಮೋಟಿಗೆ ಇದಕ್ಕಿಂತ ಒಳ್ಳೆ ರಿಪೇರಿ ಇಲ್ಲ, ಯಾಕಂದರೆ ಬೋರ್ಡ್ ಅದೇ ಇರುತ್ತದೆ, ಕೋಡೂ ಅದೇ, ಕಾರಿಗೆ ಹೊಸದಾಗಿ ಪರಿಚಯ ಮಾಡಿಸುವ ಪ್ರೋಗ್ರಾಮಿಂಗ್ ತಲೆನೋವೇ ಇಲ್ಲ.

ಪ್ಲಾಸ್ಟಿಕ್ ಒಡೆದಿದ್ದರೆ ಖಾಲಿ ಶೆಲ್ ಸಿಗುತ್ತದೆ, ಮಡಚುವ ಫ್ಲಿಪ್ ಕೀ ಥರದ್ದೂ ಸಿಗುತ್ತದೆ. ಹಾಕಿಸಿ, ಚೆನ್ನಾಗೇ ಕಾಣುತ್ತದೆ. ಆದರೆ ಹಳೇ ಶೆಲ್ ಕಸಕ್ಕೆ ಎಸೆಯುವ ಮುಂಚೆ ಅದರ ಮೂಲೆ ಮೂಲೆ ನೋಡಿ. ಈ ಕಪ್ಪು ಚಿಪ್ ಎಷ್ಟೋ ಕೀಗಳಲ್ಲಿ ಬೋರ್ಡ್ ಮೇಲೆ ಇರುವುದಿಲ್ಲ, ಪ್ಲಾಸ್ಟಿಕ್ ಗೂಡಿನಲ್ಲಿ ಅಂಟಿಕೊಂಡಿರುತ್ತದೆ, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಅದು ಕಸಕ್ಕೆ ಹೋದರೆ ಬಾಗಿಲು ಟಕ್ ಅಂತ ತೆಗೆಯುತ್ತದೆ, ಕಾರು ಮಾತ್ರ ಸ್ಟಾರ್ಟ್ ಆಗುವುದಿಲ್ಲ.

[ದೃಶ್ಯ: ಡ್ಯಾಶ್‌ಬೋರ್ಡ್ ಕೆಳಗೆ ಫ್ಯೂಸ್ ಬಾಕ್ಸ್. ಟಾರ್ಚ್ ಬೆಳಕು.]

ಇಷ್ಟೊತ್ತು ರಿಮೋಟನ್ನೇ ಬೈದೆವು, ಕಾರಿನ ಕಡೆಯೂ ನೋಡೋಣ. ನಿಮ್ಮ ಹತ್ತಿರ ಎರಡು ರಿಮೋಟ್ ಇದ್ದು ಎರಡೂ ಒಂದೇ ದಿನ ನಿಂತರೆ ತಪ್ಪು ಕಾರಿನದು. ಸೆಂಟ್ರಲ್ ಲಾಕ್ ಫ್ಯೂಸ್ ನೋಡಿ. ಲಾಕ್ ಆಗುವ ಸದ್ದು ಬಂದು ಒಂದು ಬಾಗಿಲು ಮಾತ್ರ ಆಗದಿದ್ದರೆ ಆ ಬಾಗಿಲ ಒಳಗಿನ ಮೋಟರ್ ಹೋಗಿದೆ. ಕೀ ಇಗ್ನಿಷನ್‌ನಲ್ಲೇ ಇದ್ದರೆ ಅಥವಾ ಯಾವುದೋ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಎಷ್ಟೋ ಕಾರುಗಳು ರಿಮೋಟ್ ಮಾತು ಕೇಳುವುದೇ ಇಲ್ಲ. ಅದು ಕೆಟ್ಟಿರುವುದಲ್ಲ, ಹಾಗೇ ಮಾಡಿದ್ದಾರೆ.

ಸರಿ, ರಿಮೋಟೇ ಕಳೆದು ಹೋಗಿದೆ, ಹೊಸದೇ ಬೇಕು. ಈಗ ಅಸಲಿ ವಿಷಯ.

ಕೀ ಮಾಡುವವರ ಹತ್ತಿರ ಹೋಗಿ "ಅಣ್ಣ, ಇದು ಕಾಪಿ ಆಗುತ್ತಾ?" ಅಂದರೆ "ಆಗುತ್ತೆ, ಕೊಡಿ ಸಾರ್" ಅಂತಾರೆ. ಕೆಲವು ಸಲ ನಿಜಕ್ಕೂ ಆಗುತ್ತದೆ. ರಿಮೋಟಲ್ಲಿ ಎರಡು ಜಾತಿ. ಒಂದು ಫಿಕ್ಸೆಡ್ ಕೋಡ್, ಪ್ರತಿ ಸಲ ಅದೇ ನಂಬರ್ ಕಳಿಸುತ್ತದೆ. ಗೇಟಿನ ರಿಮೋಟ್, ಅಗ್ಗದ ಸೆಂಟ್ರಲ್ ಲಾಕ್ ಕಿಟ್‌ಗಳಲ್ಲಿ ಇದು ಜಾಸ್ತಿ. ಇದನ್ನು ಕಾಪಿ ರಿಮೋಟ್ ಪಕ್ಕದಲ್ಲಿಟ್ಟು ಒತ್ತಿದರೆ ಮುಗಿಯಿತು, ಆದರೆ ಕಳ್ಳನಿಗೂ ಅಷ್ಟೇ ಸುಲಭ. ಇನ್ನೊಂದು ರೋಲಿಂಗ್ ಕೋಡ್. ಇದು ಬ್ಯಾಂಕಿನ ಓಟಿಪಿ ಥರ, ಒಮ್ಮೆ ಬಳಸಿದ ನಂಬರ್ ಮತ್ತೆ ನಡೆಯುವುದಿಲ್ಲ. ಕಂಪನಿಯಿಂದಲೇ ಬಂದ ರಿಮೋಟ್‌ಗಳಲ್ಲಿ ಬಹುತೇಕ ಇದೇ. ಇದನ್ನು ಕಾಪಿ ಹೊಡೆದರೆ ಹಳೇ ನಂಬರ್ ಸಿಗುತ್ತದೆ, ಕಾರು ಮೂಸಿಯೂ ನೋಡುವುದಿಲ್ಲ. ಹೊಸ ರಿಮೋಟನ್ನು ಕಾರಿಗೇ ಪರಿಚಯ ಮಾಡಿಸಬೇಕು.

ರೋಲಿಂಗ್ ಕೋಡಲ್ಲಿ ಹೆಸರುವಾಸಿ ಕೀಲಾಕ್. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ್ದು, 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿ ಕೊಂಡುಕೊಂಡಿತು. ಇದರ ಎಚ್‌ಸಿಎಸ್ 301 ಅನ್ನೋ ಚಿಪ್ಪನ್ನೇ ತಗೊಳ್ಳಿ. ಮಗು ಸುಮ್ನೆ ಕೂತು ರಿಮೋಟ್ ಒತ್ತಿ ಒತ್ತಿ ಆಡಿತು ಅಂತಿಟ್ಟುಕೊಳ್ಳಿ. ಒತ್ತಿದ ಪ್ರತಿ ಸಲವೂ ರಿಮೋಟಿನ ಲೆಕ್ಕ ಒಂದೊಂದು ಮುಂದೆ ಹೋಗುತ್ತದೆ. ಕಾರಿನ ಲೆಕ್ಕಕ್ಕಿಂತ ಅದು 16ರ ಒಳಗೆ ಮುಂದೆ ಹೋಗಿದ್ದರೆ ಕಾರು ತಕರಾರಿಲ್ಲದೆ ಒಪ್ಪುತ್ತದೆ. ಅದಕ್ಕಿಂತ ಜಾಸ್ತಿ, ಸುಮಾರು 32 ಸಾವಿರದ ಒಳಗಿದ್ದರೆ, ಬೆನ್ನು ಬೆನ್ನಿಗೆ ಎರಡು ಸಲ ಒತ್ತಿದಾಗ ಮತ್ತೆ ಹೊಂದಿಕೊಳ್ಳುತ್ತದೆ. ಹಾಗಾಗಿ ಬಹಳ ದಿನ ಮೂಲೆಯಲ್ಲಿದ್ದ ರಿಮೋಟ್ ಮೊದಲ ಸಲಕ್ಕೆ ಕೆಲಸ ಮಾಡಲಿಲ್ಲ ಅಂತ ಎತ್ತಿ ಇಡಬೇಡಿ, ಕಾರಿನ ಪಕ್ಕ ನಿಂತು ಇನ್ನೊಮ್ಮೆ, ಮತ್ತೊಮ್ಮೆ ಒತ್ತಿ. ಕೆಲವು ಕಾರುಗಳಲ್ಲಿ ಬಟನ್ ಒತ್ತಿ, ಅದೇ ಕೀಯಿಂದ ಬಾಗಿಲು ತೆಗೆದು ಇಗ್ನಿಷನ್ ಆನ್ ಮಾಡಿದರೆ ಹೊಂದಿಕೊಳ್ಳುತ್ತದೆ.

[ದೃಶ್ಯ: ಡ್ರೈವರ್ ಸೀಟು. ಕೀ ಆನ್, ಆಫ್, ಆನ್, ಆಫ್.]

ಪ್ರೋಗ್ರಾಮಿಂಗ್ ಮೂರು ಥರ. ಹೊರಗಡೆ ಹಾಕಿಸಿದ ಕಿಟ್ ಸುಲಭ. ಸ್ಟೀರಿಂಗ್ ಕೆಳಗೆ ಎಲ್ಲೋ ಒಂದು ಕಪ್ಪು ಡಬ್ಬ, ಒಂದು ತೆಳು ಆಂಟೆನಾ ವೈರ್, ಒಂದು ಪುಟ್ಟ ಒತ್ತುವ ಸ್ವಿಚ್ ಇರುತ್ತದೆ. ಕೀ ಆನ್ ಮಾಡಿ, ಆ ಸ್ವಿಚ್ಚನ್ನು ಕಿಟ್‌ನವರು ಹೇಳಿದಷ್ಟು ಸಲ ಒತ್ತಿ, ಆಮೇಲೆ ಹೊಸ ರಿಮೋಟ್ ಬಟನ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ, ಅಲ್ಲಿಗೆ ಕಲಿಯಿತು. ಆದರೆ ರಿಮೋಟ್ ಅದೇ ಕಂಪನಿಯ, ಅದೇ ಮಾಡೆಲಿನದ್ದೇ ಆಗಬೇಕು. ಕಿಟ್ ಯಾವುದು ಅಂತ ಗೊತ್ತಿಲ್ಲದ ಹಳೇ ಕಾರಾದರೆ, ರಿಮೋಟ್ ಹುಡುಕಿ ಬೆಂಗಳೂರಿನ ಎಸ್‌ಪಿ ರೋಡ್ ತನಕ ಅಲೆಯುವ ಬದಲು ಇಡೀ ಕಿಟ್ಟನ್ನೇ ಬದಲಾಯಿಸಿಬಿಡಿ ಅಂತ ನಾನು ಹೇಳುತ್ತೇನೆ. ಮೋಟರ್‌ಗಳು ಚೆನ್ನಾಗಿದ್ದರೆ ಅವನ್ನು ಹಾಗೇ ಬಿಟ್ಟು ಡಬ್ಬ, ರಿಮೋಟ್ ಮಾತ್ರ ಹೊಸದು ಹಾಕಿಸಬಹುದು.

ಎರಡನೆಯದು, ಕಾರಿನೊಳಗೆ ಕೂತು ನಾವೇ ಮಾಡುವುದು. ಕೀ ಇಷ್ಟು ಸಲ ಆನ್ ಆಫ್, ಬಾಗಿಲು ಇಷ್ಟು ಸಲ ತೆಗೆದು ಹಾಕು, ಟಿಣ್ ಅಂತ ಸದ್ದು ಬಂದ ಮೇಲೆ ಬಟನ್ ಒತ್ತು, ಹೀಗೆ. ಹಳೇ ಫೋರ್ಡ್‌ಗಳಲ್ಲಿ, ಕೆಲವು ಜಪಾನಿ ಕಾರುಗಳಲ್ಲಿ ಈ ಥರ ಇದೆ. ಲೆಕ್ಕ ಕಾರಿಂದ ಕಾರಿಗೆ ಬೇರೆ, ಹಾಗಾಗಿ ಇಲ್ಲಿ ನಂಬರ್ ಹೇಳಿ ನಿಮ್ಮ ತಲೆ ಕೆಡಿಸುವುದಿಲ್ಲ. ನಿಮ್ಮ ಮಾಡೆಲ್, ವರ್ಷ ಎರಡಕ್ಕೂ ಹೊಂದುವ ಮ್ಯಾನುಯಲ್ ನೋಡಿಯೇ ಮಾಡಿ. ಜನ ಎಲ್ಲಿ ಎಡವುತ್ತಾರೆ ಅಂತ ಮಾತ್ರ ಹೇಳುತ್ತೇನೆ. ನಿಧಾನ ಮಾಡುತ್ತಾರೆ, ಇದಕ್ಕೆಲ್ಲ ಸೆಕೆಂಡ್ ಲೆಕ್ಕದ ಗಡುವು ಇರುತ್ತದೆ. ಕಾರಿನ ಬ್ಯಾಟರಿ ಬಡವಾಗಿರುತ್ತದೆ. ಇನ್ನೊಂದು, ಯಾರಿಗೂ ಹೊಳೆಯದೇ ಇರುವುದು, ಡ್ರೈವರ್ ಬಾಗಿಲಿನ ಸ್ವಿಚ್. ಹಳೇ ಕಾರಲ್ಲಿ ಬಾಗಿಲು ತೆಗೆದರೆ ಒಳಗಿನ ಲೈಟ್ ಹತ್ತುವುದಿಲ್ಲ, ಯಾರೂ ತಲೆ ಕೆಡಿಸಿಕೊಂಡಿರುವುದಿಲ್ಲ. ಆದರೆ ಬಾಗಿಲು ತೆಗೆದದ್ದು ಕಾರಿಗೆ ಗೊತ್ತಾಗುವುದು ಆ ಸ್ವಿಚ್ಚಿಂದಲೇ. ಅದು ಸತ್ತಿದ್ದರೆ ನೀವು ಇಡೀ ಮಧ್ಯಾಹ್ನ ಬಾಗಿಲು ಬಡಿದರೂ ಕಾರು ಕಲಿಯುವ ಸ್ಥಿತಿಗೇ ಹೋಗುವುದಿಲ್ಲ. ಅದಕ್ಕೇ ಮೊದಲು ಒಳಗಿನ ಲೈಟ್ ನೋಡಿ, ಆಮೇಲೆ ಶುರು ಮಾಡಿ.

ಮೂರನೆಯದು ಸ್ಕ್ಯಾನರ್ ಹಾಕಿ ಮಾಡುವುದು. ಎಂಜಿನ್ ಕೋಡ್ ಓದುವ ಅಗ್ಗದ ಬ್ಲೂಟೂತ್ ಡಾಂಗಲ್ ಇದಕ್ಕೆ ಸಾಮಾನ್ಯವಾಗಿ ಸಾಲದು. ಸ್ಕ್ಯಾನರ್ ಕಾರಿನ ಜೊತೆ ಮಾತಾಡುವ ಒಬಿಡಿ 2 ಅನ್ನೋ ವ್ಯವಸ್ಥೆ ನಮ್ಮ ದೇಶದಲ್ಲಿ ಕಡ್ಡಾಯ ಆಗಿದ್ದು 2013ರಲ್ಲಿ, ಹಾಗಾಗಿ ಅದಕ್ಕೂ ಹಿಂದಿನ ಕಾರುಗಳ ಜೊತೆ ಎಲ್ಲ ಸ್ಕ್ಯಾನರ್‌ಗಳೂ ಮಾತಾಡುವುದಿಲ್ಲ. ಇಮೊಬಿಲೈಸರ್ ಚಿಪ್ ಸೇರಿಸಬೇಕಾದರೆ ಎಷ್ಟೋ ಕಾರುಗಳಿಗೆ ಆ ಕಾರಿನದ್ದೇ ಗುಪ್ತ ಪಿನ್ ನಂಬರ್ ಕೂಡ ಬೇಕು. ಇಲ್ಲಿ ಶೋರೂಮ್ ಅಥವಾ ಸರಿಯಾದ ಮಷೀನ್ ಇಟ್ಟುಕೊಂಡಿರುವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಲೇಬೇಕು. ಆರ್‌ಸಿ, ನಿಮ್ಮ ಗುರುತಿನ ಚೀಟಿ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಕೇಳದೇ ಇರುವವರ ಹತ್ತಿರವೇ ಮಾಡಿಸಬಾರದು. ಕೀ ಕಳೆದಿದ್ದರೆ ಪೊಲೀಸರಿಗೆ ಒಂದು ದೂರು ಕೊಟ್ಟು ರಸೀದಿ ಇಟ್ಟುಕೊಳ್ಳಿ. ಇನ್ಶೂರೆನ್ಸಲ್ಲಿ ಕೀ ಬದಲಾವಣೆ ಆಡ್-ಆನ್ ತಗೊಂಡಿದ್ದರೆ ಅದಕ್ಕೂ ಬೇಕಾಗಬಹುದು.

ಹೊಸ ರಿಮೋಟ್ ತರಿಸುವಾಗ ಫೋಟೋ ನಂಬಬೇಡಿ, ಹಳೇ ಬೋರ್ಡ್ ಮೇಲಿನ ಪಾರ್ಟ್ ನಂಬರ್ ನೋಡಿ. 315 ಮೆಗಾಹರ್ಟ್ಸ್ ಅಂತಿದ್ದರೆ ಅದು ಅಮೆರಿಕ, ಜಪಾನ್ ಕಡೆಯ ಮಾಲು, ಹೊರಗೆ ಅದೇ ಆಕಾರ ಇದ್ದರೂ ನಮ್ಮ 433ರ ಕಾರಿಗೆ ಕೇಳಿಸುವುದಿಲ್ಲ. ಗುಜರಿಯಿಂದ ತಂದ ಸೆಕೆಂಡ್ ಹ್ಯಾಂಡ್ ಕೀಗಳಲ್ಲಿ ಎಷ್ಟೋ ಒಂದು ಕಾರಿಗೆ ಸೇರಿದ ಮೇಲೆ ಬೀಗ ಬಿದ್ದು ಹೋಗಿರುತ್ತವೆ, ಇನ್ನೊಂದು ಕಾರಿಗೆ ಸೇರುವುದಿಲ್ಲ.

[ದೃಶ್ಯ: ಎರಡು ಕೀ ಒಟ್ಟಿಗೆ ಕೈಯಲ್ಲಿ.]

ಪ್ರೋಗ್ರಾಮಿಂಗ್‌ಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ರಿಮೋಟ್‌ಗಳನ್ನೂ ಜೊತೆಗೆ ತಗೊಂಡು ಹೋಗಿ. ಬಹಳಷ್ಟು ಕಾರುಗಳಲ್ಲಿ ಹೊಸದು ಕಲಿಸಲು ಶುರು ಮಾಡಿದ ತಕ್ಷಣ ಹಳೆಯದೆಲ್ಲ ಅಳಿಸಿ ಹೋಗುತ್ತದೆ. ಒಂದನ್ನು ಮನೆಯಲ್ಲೇ ಬಿಟ್ಟು ಬಂದರೆ ಅದು ಅವತ್ತಿಗೆ ಸತ್ತಂತೆ, ಮತ್ತೆ ಮೊದಲಿಂದ ಮಾಡಿಸಬೇಕು.

ಆದರೆ ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರಿಗೆ ಇದೇ ಲಾಭ. ಮಾರಿದವರು ಒಂದೇ ಕೀ ಕೊಟ್ಟು "ಇನ್ನೊಂದು ಎಲ್ಲೋ ಕಳೆದು ಹೋಯ್ತು ಸಾರ್" ಅಂದರಲ್ಲ, ಆ ಇನ್ನೊಂದು ನಿಜಕ್ಕೂ ಕಳೆದಿದೆಯೋ ಇಲ್ಲವೋ ನಿಮಗೆ ಹೇಗೆ ಗೊತ್ತು? ನಿಮ್ಮ ಹತ್ತಿರ ಇರುವ ಕೀಯನ್ನೇ ಹೊಸದಾಗಿ ಕಲಿಸಿ, ಮಿಕ್ಕಿದ್ದೆಲ್ಲ ಅಳಿಸಿ ಅಂತ ಕೇಳಿ. ರಿಮೋಟ್ ಬೇರೆ, ಇಮೊಬಿಲೈಸರ್ ಬೇರೆ ಅಂತ ಆಗಲೇ ಹೇಳಿದೆನಲ್ಲ, ಅದಕ್ಕೆ ಎರಡನ್ನೂ ಅಳಿಸಲು ಹೇಳಿ. ಕಬ್ಬಿಣದ ಕೀ ಮಾತ್ರ ಆಗಲೂ ಬಾಗಿಲು ತೆಗೆಯುತ್ತದೆ, ಅದು ಬೇಡ ಅಂದರೆ ಲಾಕ್ ಸೆಟ್ಟೇ ಬದಲಾಯಿಸಬೇಕು. ಆದರೆ ಒಳಗೆ ಬಂದರೂ ಕಾರು ಸ್ಟಾರ್ಟ್ ಆಗುವುದಿಲ್ಲ.

ಬಾಗಿಲ ಒಳಗಿನ ಲಾಕ್ ಮೋಟರ್ ಬಗ್ಗೆ ಇಲ್ಲಿ ಮೇಲ್ಮೇಲೆ ಹೇಳಿದೆ. ಡೋರ್ ಪ್ಯಾಡ್ ಬಿಚ್ಚಿ, ಕ್ಲಿಪ್ ಮುರಿಯದೆ ಅದನ್ನು ಬದಲಾಯಿಸುವುದು ಹೇಗೆ ಅಂತ ಮುಂದಿನ ವಿಡಿಯೋದಲ್ಲಿ ಇದೇ ವ್ಯಾಗನ್ ಆರ್ ಮೇಲೆ ಮಾಡಿ ತೋರಿಸುತ್ತೇನೆ. ಹಿಂದಿನ ಎಡಗಡೆ ಬಾಗಿಲಿನದು ಹೇಗೂ ಹೋಗಿದೆ.