ಭಾರದ ಕಾರು ಯಾರನ್ನು ಕಾಪಾಡುತ್ತದೆ?

ನಮಸ್ಕಾರ. ಈಗ ನೀವು ನೋಡುತ್ತಿರುವುದು ಮಂಡ್ಯದಿಂದ ಪಾಂಡವಪುರದ ಕಡೆಗೆ ಹೋಗುವ ರಸ್ತೆ. ಮುಂದೆ ಹೋಗುತ್ತಿರುವ ಟ್ರ್ಯಾಕ್ಟರನ್ನು ಗಮನಿಸಿ. ಟ್ರೇಲರಿನ ಅಗಲಕ್ಕಿಂತ ಆಚೆಗೂ ಕಬ್ಬು ಚಾಚಿದೆ, ಹಿಂದೆ ಒಂದು ದೀಪವೂ ಇಲ್ಲ. ಕತ್ತಲಾದ ಮೇಲೆ ಇದೇ ರಸ್ತೆಯಲ್ಲಿ ನನ್ನ ಅಕ್ಕನ ಕುಟುಂಬ ಊರಿಗೆ ಬರುತ್ತದೆ.

ಮೈಸೂರಿನಲ್ಲಿರುವ ಭಾವ ಹೊಸ ಕಾರು ಕೊಳ್ಳಲು ಹೊರಟಿದ್ದಾರೆ. "ದೊಡ್ಡ ಗಾಡಿಯೇ ಬೇಕು ಕಣಯ್ಯ, ಮಕ್ಕಳು ಕೂರುವುದು. ಭಾರ ಇದ್ದಷ್ಟೂ ಒಳಗಿರುವವರಿಗೆ ಕ್ಷೇಮ" ಎನ್ನುತ್ತಾರೆ. ಅವರ ಆತಂಕ ನನ್ನದೂ ಹೌದು. ಅದಕ್ಕೇ ಈ ಲೆಕ್ಕ.

800 ಕಿಲೋ ತೂಕದ ಒಂದು ಕಾರು, 1600 ಕಿಲೋ ತೂಕದ ಇನ್ನೊಂದು. ಎರಡೂ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಂದು ಮುಖಾಮುಖಿ ಗುದ್ದಿ, ಒಂದಕ್ಕೊಂದು ಕಚ್ಚಿಕೊಂಡವು ಎನ್ನೋಣ. ಆಗ ಎರಡೂ ಸೇರಿ, ಭಾರದ ಕಾರು ಹೋಗುತ್ತಿದ್ದ ದಿಕ್ಕಿಗೇ 20 ಕಿ.ಮೀ. ವೇಗದಲ್ಲಿ ಸರಿಯುತ್ತವೆ. ಅಂದರೆ ಭಾರದ ಕಾರಿನಲ್ಲಿದ್ದವರ ವೇಗ ಕ್ಷಣಾರ್ಧದಲ್ಲಿ 40 ಕಿ.ಮೀ.ಯಷ್ಟು ಬದಲಾಯಿತು, ಹಗುರ ಕಾರಿನವರದು 80. ಮೆದುಳು, ಎದೆ, ಕುತ್ತಿಗೆ ತಾಳಿಕೊಳ್ಳಬೇಕಾದದ್ದು ಈ ಬದಲಾವಣೆಯನ್ನೇ. ಹಾಗಾಗಿ ಭಾವನ ಮಾತಿನಲ್ಲಿ ನಿಜವಿದೆ. ಆದರೆ ಭಾರದ ಕಾರಿನವರಿಗೆ ತಪ್ಪಿದ ಪೆಟ್ಟು ಎಲ್ಲಿಗೂ ಮಾಯವಾಗಲಿಲ್ಲ, ಎದುರಿನವರ ಮೈಮೇಲೆ ಬಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು 2014ರಲ್ಲಿ ಇದನ್ನು ಅಳೆದು ತೋರಿಸಿದರು: ಗುದ್ದಿದ ವಾಹನ ಸುಮಾರು 450 ಕಿಲೋ ಹೆಚ್ಚು ತೂಗಿದರೆ, ಗುದ್ದಿಸಿಕೊಂಡ ವಾಹನದಲ್ಲಿ ಸಾವಿನ ಸಂಭವ ಶೇ 47ರಷ್ಟು ಏರುತ್ತದೆ.

ನಮ್ಮ ರಸ್ತೆಯಲ್ಲಿ ಎದುರಿಗೆ ಸಿಗುವವರು ಯಾರು? 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದವರು, ಶೇ 19.5ರಷ್ಟು ಪಾದಚಾರಿಗಳು. ಡೇರಿಗೆ ಹಾಲು ಒಯ್ಯುವ ಬೈಕಿನವನಿಗೆ ಯಾವ ಕಾರೂ ಭಾರದ್ದೇ. ಅದರ ಮೇಲೆ ಬಾನೆಟ್ಟೂ ಎತ್ತರವಾಗಿದ್ದರೆ, ನಡೆದು ಹೋಗುವವರಿಗೆ ಪೆಟ್ಟು ಬೀಳುವುದು ಕಾಲಿಗಲ್ಲ, ಸೊಂಟಕ್ಕೆ, ಎದೆಗೆ. ಮಗುವಾದರೆ ತಲೆಗೆ. ನನ್ನನ್ನು ಹೆಚ್ಚು ಕಾಡುವುದು ಇದು.

ಇನ್ನು ಮರ, ಸೇತುವೆಯ ಗೋಡೆ, ನಿಂತ ಲಾರಿ. ಇವುಗಳ ಮುಂದೆ ತೂಕದ ಲಾಭ ಕರಗಿಹೋಗುತ್ತದೆ. ತುಂಬಿದ ಲಾರಿ ಹತ್ತಾರು ಟನ್ ತೂಗುವಾಗ ಭಾವನ ದೊಡ್ಡ ಗಾಡಿಯೇ ಹಗುರದ್ದು. 2022ರ ಸೆಪ್ಟೆಂಬರಿನಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಅವರಿದ್ದ ಮರ್ಸಿಡಿಸ್ ಕಾರು ಪಾಲ್ಘರ್ ಬಳಿ ಸೇತುವೆಯ ಗೋಡೆಗೆ ಬಡಿಯಿತು. ಗಾಡಿ ದೊಡ್ಡದೇ. ಮುಂದೆ ಕುಳಿತ ಇಬ್ಬರು ಬದುಕಿದರು. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕುಳಿತಿದ್ದ ಇಬ್ಬರೂ ತೀರಿಕೊಂಡರು.

ಈಗ ಕಾಣುತ್ತಿರುವುದು ವಿಶ್ವೇಶ್ವರಯ್ಯ ನಾಲೆ. 2018ರ ನವೆಂಬರ್ 24ರಂದು ಕನಗನಮರಡಿಯ ಹತ್ತಿರ ಬಸ್ಸೊಂದು ಈ ನಾಲೆಗೆ ಉರುಳಿ 30 ಮಂದಿ ಸತ್ತರು, ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಸೇರಿ. ಬಸ್ಸಿನ ಅಷ್ಟೊಂದು ತೂಕ ಅಲ್ಲಿ ಯಾರ ಕೈ ಹಿಡಿಯಿತು? ಏರಿಯ ಅಂಚಿನಲ್ಲಿ ಗಟ್ಟಿ ತಡೆಗೋಡೆ ಬೇಕು. ಅದನ್ನು ಕೇಳುವುದನ್ನು ನಾವು ಬಿಡಬಾರದು.

ಕಾರಿನ ರಚನೆಯ ಮಾತೂ ಇದೆ. ಕಾರುಗಳನ್ನು ಗುದ್ದಿಸಿ ನೋಡಿ, ಸುರಕ್ಷತೆಗೆ ಐದರವರೆಗೆ ನಕ್ಷತ್ರ ಕೊಡುವ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್. ಏರ್‌ಬ್ಯಾಗ್ ಇಲ್ಲದ ಮಹೀಂದ್ರಾ ಸ್ಕಾರ್ಪಿಯೊ 2016ರಲ್ಲಿ ಅದರ ಪರೀಕ್ಷೆಯಲ್ಲಿ ಒಂದು ನಕ್ಷತ್ರವನ್ನೂ ಪಡೆಯಲಿಲ್ಲ. ಅದಕ್ಕಿಂತ ಹಗುರವಾದ ಟಾಟಾ ನೆಕ್ಸಾನ್ 2018ರ ಡಿಸೆಂಬರಿನಲ್ಲಿ ಐದೂ ನಕ್ಷತ್ರ ಗಳಿಸಿತು. ಆ ಪರೀಕ್ಷೆ ಸರಿಸುಮಾರು ತನ್ನಷ್ಟೇ ತೂಕದ ಕಾರಿಗೆ ಗುದ್ದಿದಂತೆ ಇರುತ್ತದೆ ಎಂಬುದು ನೆನಪಿರಲಿ. ನೆಕ್ಸಾನ್ ಲಾರಿಯನ್ನು ಗೆಲ್ಲುತ್ತದೆ ಎಂದು ಅದರ ಅರ್ಥವಲ್ಲ. ಆದರೆ ಕ್ಯಾಬಿನ್ ನಜ್ಜುಗುಜ್ಜಾಗದೆ ಉಳಿಯುವುದು ವಿನ್ಯಾಸದಿಂದ, ಬರೀ ಕಿಲೋಗಳಿಂದಲ್ಲ.

ಭಾವನಿಗೆ ನಾನು ಹೇಳಿದ್ದು ಇಷ್ಟು: ತೀರಾ ಹಗುರದ್ದು ಬೇಡ, ಮಧ್ಯಮ ತೂಕದ್ದು ಸಾಕು. ನಮ್ಮ ದೇಶದ್ದೇ ಆದ ಇಂಥ ಪರೀಕ್ಷೆ, ಭಾರತ್ ಎನ್‌ಕ್ಯಾಪ್‌ನ ಫಲಿತಾಂಶ ನೋಡಿ. ತಿರುವಿನಲ್ಲಿ ಜಾರಿದರೆ ಒಂದೊಂದು ಚಕ್ರಕ್ಕೂ ಬೇರೆಬೇರೆಯಾಗಿ ಬ್ರೇಕ್ ಹಾಕಿ ಹಿಡಿಯುವ ವ್ಯವಸ್ಥೆ ಇದೆಯೇ ಎಂದು ಕೇಳಿ, ಎತ್ತರದ ಗಾಡಿಗೆ ಅದು ಬೇಕೇಬೇಕು. ಹಿಂದಿನ ಸೀಟಿನ ಮೂರೂ ಜಾಗಕ್ಕೆ ಭುಜದ ಮೇಲಿಂದ ಬರುವ ಬೆಲ್ಟ್ ಇರಲಿ. ಮಕ್ಕಳು ಹಾಕಿಕೊಳ್ಳದೆ ಗಾಡಿ ಹೊರಡಿಸಬೇಡಿ ಎಂದು ಅಕ್ಕನಿಗೂ ಹೇಳಿದ್ದೇನೆ.